ದೆವ್ವಕ್ಕೆ ವಿಳಾಸ ಸಿಗಲಿಲ್ಲ

ದೆವ್ವಗಳು ಹುಣಸೆಮರ ಬಿಟ್ಟು ಕಂಪ್ಯೂಟರಿಗೆ ಗುಳೆ ಬಂದು ಬಹಳ ಕಾಲವಾಯಿತು. ಕೆಲವೇ ಜನ ಕೂತು ಮಾಡಿದ ಸಣ್ಣ ಭಯದ ಆಟಗಳಲ್ಲಿ ಈಗ ಅವುಗಳ ಬಿಡಾರ. ಇವು ಬರೀ ಕಿರುಚಿ ಹೆದರಿಸುವ ಜಾತಿಯಲ್ಲ, ಮನಸ್ಸಿಗೇ ಕೈ ಹಾಕುತ್ತವೆ. ಇಟಲಿಯ ಇವಾನ್ ಜನೋಟ್ಟಿ 2012ರಲ್ಲಿ ಮಾಡಿದ 'ಐಯಾಮ್‌ಸ್ಕೇರ್ಡ್' ನಡುವೆ ತಾನಾಗಿಯೇ ಪಟ್ಟನೆ ಮುಚ್ಚಿಕೊಳ್ಳುತ್ತದೆ, ಆಟದಿಂದ ಹೊರಗೆ ಬಂದು ನಿಮ್ಮ ಕಂಪ್ಯೂಟರಿನಲ್ಲಿ ಫೈಲು ಇಟ್ಟು ಹೋಗುತ್ತದೆ. 2017ರ 'ಡೋಕಿ ಡೋಕಿ ಲಿಟರೇಚರ್ ಕ್ಲಬ್'ನಲ್ಲಿ ಮುಂದಕ್ಕೆ ಹೋಗಬೇಕಾದರೆ ಒಬ್ಬ ಹುಡುಗಿಯ ಫೈಲನ್ನು ನೀವೇ ಕೈಯಾರೆ ಅಳಿಸಬೇಕು. ಇನ್ನು ಕೆಲವು, ಕಂಪ್ಯೂಟರಿನಲ್ಲಿರುವ ನಿಮ್ಮ ಹೆಸರು ಓದಿಕೊಂಡು ನಡುರಾತ್ರಿ ಹೆಸರು ಹಿಡಿದು ಕರೆಯುತ್ತವೆ.

ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ಜನ ನಾವು. ಕಂಪ್ಯೂಟರಿನಲ್ಲಿ ಆ ಬರಹದ ಕೆಲಸವನ್ನು, ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸ್ ಮಾಡುತ್ತದೆ.

ಮಂಡ್ಯದಲ್ಲಿ ಇಂಜಿನಿಯರಿಂಗು ಓದುವ ನಮ್ಮ ಅಕ್ಕನ ಮಗ ವಾರಕ್ಕೊಮ್ಮೆ ಮಳವಳ್ಳಿಗೆ ಬರುತ್ತಾನೆ. 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತು ವಿಂಡೋಸ್ 10ರ ತಿಥಿಯಾದ ಮೇಲೆ, ಹೊಸ ವಿಂಡೋಸು ಹತ್ತಿರ ಸೇರಿಸದ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ. ಅಂದಿನಿಂದ ಮುಖದಲ್ಲಿ ಸ್ವಾತಂತ್ರ್ಯ ಹೋರಾಟಗಾರನ ಕಳೆ. "ವಿಂಡೋಸು ಅಂದ್ರೆ ಗುಲಾಮಗಿರಿ ಕಣ್ ಮಾವ. ಇಲ್ಲಿ ನಾವೇ ಯಜಮಾನ್ರು."

ಭಯದ ಆಟವೊಂದನ್ನು ತೆರೆದ ಯಜಮಾನರ ಮುಂದೆ ಪರದೆ ಕಪ್ಪಗೆ ಕೂತಿತ್ತು. ಆಟ ಶುರುವಾಯಿತೆಂದು ನಾನು ಕಾಲು ಮೇಲೆತ್ತಿಕೊಂಡೆ. "ಇನ್ನೂ ಇಲ್ಲ ಮಾವ, ಚಿತ್ರ ತೋರ್ಸೋ ಶೇಡರ್ ಕಂಪೈಲ್ ಆಯ್ತಾ ಅದೆ" ಅಂದ.

ವಿಂಡೋಸಿಗೆಂದು ಮಾಡಿದ ಆಟಕ್ಕೆ 'ನೀನು ವಿಂಡೋಸಿನಲ್ಲೇ ಇದ್ದೀಯ' ಎಂದು ನಂಬಿಸುವ ಕೆಲಸವನ್ನು ಲಿನಕ್ಸಿನಲ್ಲಿ 'ವೈನ್' ಎಂಬ ತಂತ್ರಾಂಶ 1993ರಿಂದ ಮಾಡುತ್ತಿದೆ. ಅದರ ಮೇಲೆ, ಸ್ಟೀಮ್ ಎಂಬ ಆಟದಂಗಡಿ ನಡೆಸುವ ವಾಲ್ವ್ ಕಂಪನಿ 2018ರಲ್ಲಿ 'ಪ್ರೋಟಾನ್' ಕಟ್ಟಿತು. ಒಂದೊಂದು ಆಟಕ್ಕೂ ಒಂದೊಂದು ಸುಳ್ಳು ಸಿ ಡ್ರೈವ್, ಅದರೊಳಗೊಂದು ಸುಳ್ಳು ಡೆಸ್ಕ್‌ಟಾಪು. ಆ ಮನೆಯ ಯಜಮಾನನ ಹೆಸರು ಜಗತ್ತಿನಾದ್ಯಂತ ಒಂದೇ: ಸ್ಟೀಮ್‌ಯೂಸರ್.

ಪಾಪದ ದೆವ್ವದ ಗತಿ ನೋಡಿ. ರಕ್ತದಲ್ಲಿ ಕಾಗದ ಬರೆದು ಡೆಸ್ಕ್‌ಟಾಪಿನ ಮೇಲಿಡುತ್ತದೆ. ಆ ಡೆಸ್ಕ್‌ಟಾಪು ಇರುವುದು ಕಣ್ಣಿಗೆ ಕಾಣದ ಫೋಲ್ಡರಿನೊಳಗೆ, ಕಂಪ್ಯಾಟ್‌ಡೇಟಾದ ಒಳಗೆ, ಆಟದ ನಂಬರಿನ ಒಳಗೆ, ಪಿಎಫ್‌ಎಕ್ಸ್ ದಾಟಿ, ಡ್ರೈವ್ ಸಿ ದಾಟಿ, ಯೂಸರ್ಸ್ ದಾಟಿ. ಸತ್ತವರ ಹೆಸರಿನ ಕಾಗದ ಹೀಗೆ ಒಳಗೊಳಗೇ ಹೋಗಿ ಎಲ್ಲಿ ಕೂರುತ್ತದೆಂದು ಪೌತಿ ಖಾತೆಗೆ ಅಲೆದವರನ್ನು ಕೇಳಿ. ಕಾಗದಕ್ಕೆ ಜವಾಬು ಬಾರದೆ ಕೊನೆಗೆ ದೆವ್ವ ಪರದೆಯ ಮೇಲೆಯೇ ಕಾಣಿಸಿಕೊಂಡು, ಕೂದಲು ಕೆದರಿ, "ಸ್ಟೀಮ್‌ಯೂಸರ್..." ಎಂದು ಉಸಿರೆಳೆಯಿತು.

ನಮ್ಮವ್ವ ಅವರೆಕಾಯಿ ಬಿಡಿಸುವುದು ನಿಲ್ಲಿಸಿ ಕೇಳಿದಳು: "ಅದ್ಯಾರ್ಲಾ? ನಮ್ ಬೀದೀಲಿ ಆ ಹೆಸ್ರಿನೋರು ಯಾರೂ ಇಲ್ವಲ್ಲ."

ದೆವ್ವ ಕೊನೆಯ ಅಸ್ತ್ರ ಬಿಟ್ಟಿತು. ಆಟ ತಾನಾಗಿ ಮುಚ್ಚಿಕೊಂಡಿತು, ಏನೋ ಎರರ್ ತೋರಿಸಿತು. ವಿಂಡೋಸಿನವರು ಇಲ್ಲೇ ಬೆವರುವುದು. ನಮ್ಮ ಹುಡುಗನ ಮುಖದಲ್ಲಿ ಮೊದಲ ಸಲ ಬೆಳಕು ಬಂತು. ಟರ್ಮಿನಲ್ ತೆಗೆದ, ಲಾಗ್ ಓದಿದ, ಬೇರೆ ಪ್ರೋಟಾನ್ ಹಾಕಿದ, ದೆವ್ವವನ್ನು ಮತ್ತೆ ಮೊದಲಿಂದ ಎಬ್ಬಿಸಿದ. ಅದು ಮತ್ತೆ ಹೆದರಿಸಲು ಸತ್ತಿತು. ಇವನು ಮತ್ತೆ ರಿಪೇರಿ ಮಾಡಿದ. ಕೆಟ್ಟು ನಿಲ್ಲುವುದನ್ನೇ ದಿನಚರಿ ಮಾಡಿಕೊಂಡವನ ಮುಂದೆ ಕೆಟ್ಟಂತೆ ನಟಿಸಿ ಏನು ಪ್ರಯೋಜನ?

ಅಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿ ವರ್ಷವಾಗಿದೆ. ಏಷ್ಯಾದ ಮೊದಮೊದಲ ದೊಡ್ಡ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದು, 1902ರ ಶಿವನಸಮುದ್ರ, ಇರುವುದು ನಮ್ಮ ತಾಲ್ಲೂಕಿನಲ್ಲೇ. ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ದೂರದವರಿಗೆ ಮೊದಲು ಬಡಿಸುವ ಆ ಮರ್ಯಾದೆಯನ್ನು ನಾವಿನ್ನೂ ಬಿಟ್ಟಿಲ್ಲ.

ಕರೆಂಟು ಬರುವ ತನಕ ಒಂದು ಮಾತು. ಲಿನಕ್ಸಿನವರು ಗಿರಾಕಿಗಳೇ ಅಲ್ಲ, ಅವರಿಗಾಗಿ ಬೇರೆ ಆಟ ಮಾಡುವುದು ದಂಡ ಎಂದು ಮೂಗು ಮುರಿಯುವ ಆಟದ ಕಂಪನಿಗಳು ಸ್ವಲ್ಪ ಲೆಕ್ಕ ಹಾಕಬೇಕು. ಸ್ಟೀಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ದುಡ್ಡು ವಾಪಸ್ ಕೇಳಬಹುದು. 2021ರಲ್ಲಿ 'ಸಮ್ಮರ್ ಆಫ್ 58' ಎಂಬ ಭಯದ ಆಟ ತಂದ ಎಮಿಕಾ ಗೇಮ್ಸ್‌ಗೆ ಇದರಿಂದಲೇ ಗರ ಬಡಿಯಿತು. ಆಟ ಅಷ್ಟು ಹೊತ್ತಿಗಿಂತ ಚಿಕ್ಕದು. ಬಹಳ ಜನ ಪೂರ್ತಿ ಆಡಿ ಮುಗಿಸಿ ದುಡ್ಡು ವಾಪಸ್ ಪಡೆದರು. ಎಷ್ಟು ಕಾಲವೋ ಗೊತ್ತಿಲ್ಲ, ಆಟ ಮಾಡುವುದನ್ನೇ ನಿಲ್ಲಿಸುತ್ತೇನೆಂದು ಮಾಡಿದವರು ಸಾರಬೇಕಾಯಿತು.

ಇಂಥ ಮೋಸ ಲಿನಕ್ಸಿನವರಿಂದ ಕನಸಿನಲ್ಲೂ ಆಗದು. ಆಟ ತೆರೆದು ಕಪ್ಪು ಪರದೆ ನೋಡುತ್ತ ಕೂತದ್ದೂ ಆಡಿದ ಲೆಕ್ಕಕ್ಕೇ ಜಮಾ. ದೆವ್ವದ ಮುಖ ಕಾಣುವ ಹೊತ್ತಿಗೆ 2 ಗಂಟೆ ಯಾವಾಗಲೋ ದಾಟಿರುತ್ತದೆ.

ಕರೆಂಟು ಬಂದು, ಆಟ ಅಂತೂ ಕೊನೆ ಮುಟ್ಟಿತು. "ಹೆಂಗಿತ್ಲಾ?" ಎಂದೆ.

"ಸೂಪರ್ ಮಾವ. ಎಲ್ಲೂ ಸೆಕೆಂಡಿಗೆ ಅರವತ್ತು ಫ್ರೇಮಿಗಿಂತ ಕೆಳಕ್ಕೆ ಇಳೀಲೇ ಇಲ್ಲ."