ಡಾ. ಸಿರಪ್ಪಯ್ಯನವರಿಗೊಂದು ಬಹಿರಂಗ ಪತ್ರ

ಫ್ರಿಜ್ಜಿನ ಬಾಗಿಲಲ್ಲಿ, ಟೊಮೆಟೊ ಸಾಸಿನ ಪಕ್ಕ ವಾಸವಾಗಿರುವ ಮಾನ್ಯ ಡಾ. ಸಿರಪ್ಪಯ್ಯನವರಿಗೆ,

ತಮ್ಮ ಪ್ರಾಕ್ಟೀಸ್ ಜೋರಾಗಿದೆಯೆಂದು ಕೇಳಿ ಸಂತೋಷ. ಮಳೆಗಾಲದಲ್ಲಿ ಅಕ್ಕನ ಗಂಟಲುನೋವಿಗೆ ಬಂದವರನ್ನು ಚಳಿಗಾಲದಲ್ಲಿ ತಮ್ಮನ ಶೀತಕ್ಕೂ ಕರೆಯುತ್ತಿದ್ದಾರಂತೆ. ಪುಡಿಗೆ ನೀರು ಬೆರೆಸಿದ ಆಂಟಿಬಯಾಟಿಕ್ ಸಿರಪ್ಪಿನ ಆಯುಷ್ಯ ಸಾಮಾನ್ಯವಾಗಿ ಒಂದೆರಡು ವಾರ, ತಾವೋ ಚಿರಂಜೀವಿ! ಶೀತ ತರುವುದು ವೈರಸ್, ತಮ್ಮ ಕೈ ನಡೆಯುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ. ಇಂಥ ತಕರಾರನ್ನು ಅಪ್ಪ ಅಮ್ಮ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಹೋದ ಸಲ ಇದರಲ್ಲೇ ವಾಸಿಯಾಗಿತ್ತಲ್ಲ" ಎಂಬುದೇ ತಮ್ಮ ಎಂ.ಬಿ.ಬಿ.ಎಸ್.

ತಮ್ಮ ದಾಯಾದಿ ಪ್ಯಾರಾಸಿಟಮಾಲ್ ಅವರದು ಇನ್ನೂ ಸೊಗಸು. ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250 ಮಿ.ಗ್ರಾಂ, ಹಸುಗೂಸಿನ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100. ಡಾಕ್ಟರು ತೂಕ ನೋಡಿ, ಕಿಲೋಗೆ 10ರಿಂದ 15 ಮಿ.ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಉಪ್ಪಿನಕಾಯಿ ಚಮಚವೇ ತಕ್ಕಡಿ. ಡ್ರಾಪ್ಸನ್ನು ಸಿರಪ್ ಎಂದುಕೊಂಡು 5 ಮಿ.ಲೀ. ಕುಡಿಸಿದರೆ ಎಂಟು ಕಿಲೋದ ಕೂಸಿನ ಹೊಟ್ಟೆಗೆ 500 ಮಿ.ಗ್ರಾಂ, ಅಂದರೆ ದೊಡ್ಡವರ ಇಡೀ ಮಾತ್ರೆ! ಹೀಗೇ ದಿನಕ್ಕೆ ನಾಲ್ಕು ಸಲ ನಡೆದರೆ ಲಿವರ್ ತಡೆದೀತೇ?

ಮೆಡಿಕಲ್ ಶಾಪಿನ ಸಹಕಾರವನ್ನೂ ಮರೆಯುವಂತಿಲ್ಲ. "ವಯಸ್ಸೆಷ್ಟು?" "ಮೂರು." "ಒಣಕೆಮ್ಮಾ, ಕಫಾನಾ?" ಮುಂದಿನ ಪ್ರಶ್ನೆ "ಸ್ಕ್ಯಾನಾ, ಕ್ಯಾಷಾ?" ಅಲ್ಲಿಗೆ ತಪಾಸಣೆ ಮುಗಿಯಿತು. ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ಜೋಡಿಯ ಶೀತದ ಔಷಧಿ ನಾಲ್ಕು ವರ್ಷದೊಳಗಿನವರಿಗೆ ಬೇಡವೆಂದು ಲೇಬಲ್ಲಿನಲ್ಲಿ ಅಚ್ಚಾಗಬೇಕೆಂಬ ಕೇಂದ್ರದ ಆದೇಶ 2023ರಲ್ಲೇ ಬಂದಿದೆ. ಆ ಅಕ್ಷರಗಳ ಗಾತ್ರ ಇರುವೆಗಳು ಓದಲು ಅನುಕೂಲವಾಗಿದೆ.

ಡಾಕ್ಟರ ಚೀಟಿಯಿಲ್ಲದೆ ಔಷಧಿ ಬೇಡವೆಂದರೆ, "ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷದ ಸಿರಪ್ಪನ್ನು ಡಾಕ್ಟರೇ ಬರೆದುಕೊಟ್ಟಿದ್ದರಲ್ಲ?" ಎಂದು ತಾವು ಮೀಸೆ ತಿರುವಬಹುದು. ನಿಜ. 2025ರಲ್ಲಿ ಮಧ್ಯಪ್ರದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಪ್ರಾಣ ತೆಗೆದ ಕೆಮ್ಮಿನ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ವಿಷವಿತ್ತು. ಹಲವರಿಗೆ ಅದು ಸಿಕ್ಕಿದ್ದೂ ಚೀಟಿಯ ಮೇಲೆಯೇ. ಆದರೆ ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆ ಡಾಕ್ಟರುಗಳಿಗೇ ಕಡಿವಾಣ ಹಾಕಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಬರೆಯಲೇಬೇಡಿ, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಓದಿದವರಿಗೇ ಇಷ್ಟು ಬಿಗಿ ಇರುವಾಗ ತಮ್ಮನ್ನು ಕೇಳುವವರು ಮಾತ್ರ ಯಾರೂ ಇಲ್ಲ.

ಅಂದಹಾಗೆ, ತಮಗೆ ವರ್ಗಾವಣೆಯ ಯೋಗವಿದೆ. "ನಿಮ್ಮ ಆ ಗುಲಾಬಿ ಬಣ್ಣದ ಔಷಧಿ ಒಂಚೂರು ಉಳಿದಿದೆಯಾ?" ಎಂದು ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದಾರೆ. ಅವರ ಮಗುವಿಗೀಗ ಎಂಟು ತಿಂಗಳು.