ಹೂಲಿಯ ಬ್ರೇಕರ್ ಶಾಸನ: ಒಂದು ಮರು ಓದು

ಸವದತ್ತಿ ತಾಲ್ಲೂಕಿನ ಹೂಲಿಯಲ್ಲಿ ಶಾಸನಗಳಿಗೆ ಬರವಿಲ್ಲ. ಚಾಲುಕ್ಯರ ಕಾಲದ ಪಂಚಲಿಂಗೇಶ್ವರ ಗುಡಿ ಇರುವ ಊರು. ಇಲ್ಲಿಯ ಕಲ್ಬರಹಗಳನ್ನು ಬಾರ್ನೆಟ್ ಸಾಹೇಬರು ಅಕ್ಷರ ಅಕ್ಷರ ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 18ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಆದರೆ ಮೀಟರ್ ಬೋರ್ಡಿನಲ್ಲಿ ಜೇಡರ ಬಲೆಯ ಹಿಂದೆ ನಿಂತಿರುವ ಎರಡು ಬೆರಳಗಲದ ಪ್ಲಾಸ್ಟಿಕ್ ಶಾಸನವನ್ನು ಮಾತ್ರ ಇದುವರೆಗೆ ಯಾವ ವಿದ್ವಾಂಸರೂ ಕಣ್ಣೆತ್ತಿ ನೋಡಿಲ್ಲ. ಆ ಕೊರತೆಯನ್ನು ತುಂಬಲು ಈ ಪ್ರಬಂಧ.

ಮೊದಲ ತೊಡಕು ಹೆಸರಿನದು. ಜನ ಇದನ್ನು ಇಎಲ್‌ಸಿಬಿ ಎನ್ನುತ್ತಾರೆ. ಮೈಮೇಲಿನ ಪಾಠದಲ್ಲಿ ಆರ್‌ಸಿಸಿಬಿ ಎಂದಿದೆ. ಅರ್ಥಿಂಗ್ ತಂತಿಯ ವೋಲ್ಟೇಜ್ ನೋಡಿ ಬೀಳುತ್ತಿದ್ದ ಹಳೆಯ ಸಾಧನ ಬಳಕೆ ತಪ್ಪಿತು, ಹೆಸರು ಮಾತ್ರ ಉಳಿದುಕೊಂಡಿತು. ಊರಿನ ಹಳೆಯ ಹೆಸರು ಪೂಲಿ ಹೂಲಿಯಾದಷ್ಟು ಸಲೀಸಾಗಿ ಈ ಹೆಸರು ಬದಲಾಗಲಿಲ್ಲ ಎಂಬುದಷ್ಟೇ ನಮ್ಮ ಟಿಪ್ಪಣಿ.

ಕಲ್ಲಿನ ಶಾಸನದ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತುವುದು ವಾಡಿಕೆ. ಪ್ಲಾಸ್ಟಿಕ್ ಶಾಸನಕ್ಕೆ ಆ ಭಾಗ್ಯ ಬಂದದ್ದು ಮಾಳಿಗೆಯ ಮೇಲೆ ಸೋಲಾರ್ ಪ್ಯಾನೆಲ್ ಕೂತ ದಿನ. ಹಗಲಿಗೆ ಸೂರ್ಯ, ರಾತ್ರಿ ಪಾಳಿಗೆ ಬ್ಯಾಟರಿ. ಬ್ರೇಕರ್ ಹೊತ್ತಿಲ್ಲದ ಹೊತ್ತಿನಲ್ಲಿ ‘ಖಟಕ್’ ಎಂದು ಬೀಳಲು ಶುರುವಾದದ್ದೂ ಅಂದಿನಿಂದಲೇ.

ಮೂಲಪಾಠದಲ್ಲಿರುವುದು ಒಂದೇ ಮುಖ್ಯ ಸಾಲು: 30 ಮಿಲಿ ಆಂಪಿಯರ್. ಒಳಗೆ ಕೂತಿರುವುದು ಕರಾರುವಾಕ್ಕಾದ ಒಬ್ಬ ಶಾನುಭೋಗ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಬಂತೋ ಎಂದು ನೋಡುವುದೊಂದೇ ಅವನ ಕೆಲಸ. ವ್ಯತ್ಯಾಸ 15ರಿಂದ 30 ಮಿಲಿ ಆಂಪಿಯರ್ ಒಳಗೆ ಎಲ್ಲಿಯಾದರೂ ಅವನು ಸಿಡುಕಬಹುದು; 30 ಆದರೆ 0.3 ಸೆಕೆಂಡಿನೊಳಗೆ ಬಾಗಿಲು ಹಾಕಲೇಬೇಕು. ಎಷ್ಟು ಕರೆಂಟು ಹಿಡಿದರೆ ಮನುಷ್ಯ ಕೈ ಬಿಡಲಾರ ಎಂದು ಸ್ವಯಂಸೇವಕರ ಮೇಲೆ ಅಳೆದು ನೋಡಿದ ಅಮೆರಿಕದ ಚಾರ್ಲ್ಸ್ ಡಾಲ್ಝಿಯಲ್ ಇದೇ ಜಾತಿಯ ಸಾಧನವನ್ನು 1960ರ ದಶಕದಲ್ಲಿ ರೂಪಿಸಿದರು. ಅಲ್ಲಿಯ ಶಾನುಭೋಗ ಇನ್ನೂ ಜಿಪುಣ, 5 ಮಿಲಿ ಆಂಪಿಯರ್‌ಗೇ ಕೂಗುತ್ತಾನೆ.

ಬ್ರೇಕರ್ ಬಿದ್ದಾಗ ಮನೆಯಲ್ಲಿ ನಡೆಯುವ ಶಾಸ್ತ್ರಾರ್ಥ ಬಹುಪಾಲು ಹೀಗಿರುತ್ತದೆ:

“ಅಕ್ಕಾರ, ಇನ್ವರ್ಟರ್ ಛಲೋನ ಐತ್ರಿ. ಈ ಬ್ರೇಕರ್ ಭಾಳ ನಾಜೂಕ ಐತಿ. ತಗದು ಡೈರೆಕ್ಟ್ ಮಾಡಿ ಬಿಡ್ಲ್ಯಾ?”

“ಏನರ ಮಾಡಪ್ಪಾ, ಧಾರಾವಾಹಿ ಶುರು ಆಗೂದ್ರೊಳಗ ಮಾಡು.”

ಇದನ್ನು ಉಚ್ಛೇದ ಪಂಥ ಎಂದು ಕರೆಯೋಣ. ಅನುಯಾಯಿಗಳು ಅಸಂಖ್ಯ. ಇದರ ಖಂಡನೆಗೆ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬು ಸಾಕು. ಇನ್ವರ್ಟರ್‌ನಿಂದ ಹೊರಟ ಫೇಸ್ ನೇರ ಬಲ್ಬಿಗೆ ಹೋಯಿತು, ಆದರೆ ವೈರ್‌ಮನ್ ನ್ಯೂಟ್ರಲ್‌ಗೆ ಬೇರೆ ತಂತಿ ಎಳೆಯಲು ಬೇಸತ್ತು ಮನೆಯ ಹಳೆಯ ನ್ಯೂಟ್ರಲ್‌ಗೇ ಗಂಟು ಹಾಕಿದ ಎಂದಿಟ್ಟುಕೊಳ್ಳಿ. 9ನ್ನು 230ರಿಂದ ಭಾಗಿಸಿದರೆ 39 ಮಿಲಿ ಆಂಪಿಯರ್. ತನ್ನ ಮೂಲಕ ಹೋಗದ ಕರೆಂಟು ತನ್ನ ಮೂಲಕ ವಾಪಸಾಗುವುದನ್ನು ಕಂಡ ಶಾನುಭೋಗ ಖಾತೆ ಮುಚ್ಚುತ್ತಾನೆ. ಬಲ್ಬು ನಿರ್ದೋಷಿ, ಬ್ರೇಕರ್ ನಿರ್ದೋಷಿ, ಇನ್ವರ್ಟರೂ ನಿರ್ದೋಷಿ. ತಪ್ಪೆಲ್ಲ ಆ ಎರವಲು ನ್ಯೂಟ್ರಲ್‌ನದು. ಇನ್ವರ್ಟರ್ ಸಾಲಿನ ನ್ಯೂಟ್ರಲ್ ಬೇರೆ ಮಾಡಿದರೆ ಕಾಯಿಲೆ ವಾಸಿ.

ಬೀಳುವ ಬ್ರೇಕರ್‌ಗಿಂತ ಬೀಳದಿರುವ ಬ್ರೇಕರ್ ಹೆಚ್ಚು ಗಹನವಾದ ವಿಷಯ. ಹೆಸ್ಕಾಂ ಲೈನಿನ ನ್ಯೂಟ್ರಲ್‌ಗೆ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಅರ್ಥಿಂಗ್ ಇರುತ್ತದೆ. ಫ್ರಿಜ್ಜಿನ ಮೈಗೆ ಫೇಸ್ ತಾಗಿದರೆ ಕರೆಂಟು ನೆಲ ಹಿಡಿದು ಆ ತವರು ಮುಟ್ಟುತ್ತದೆ, ಲೆಕ್ಕ ತಪ್ಪುತ್ತದೆ, ಬ್ರೇಕರ್ ಬೀಳುತ್ತದೆ. ಗ್ರಿಡ್ ಬಿಟ್ಟ ಇನ್ವರ್ಟರ್‌ನ ನ್ಯೂಟ್ರಲ್ ಹಲವು ಕಡೆ ಸಂನ್ಯಾಸಿ. ನೆಲದ ನಂಟಿಲ್ಲದೆ ತೇಲುತ್ತಿರುತ್ತದೆ. ಟೆಸ್ಟರ್ ಇಟ್ಟರೆ ಎರಡೂ ತಂತಿ ಮಿಣಮಿಣ ಎನ್ನುವುದೂ ಉಂಟು. ಅಲ್ಲಿ ಮೊದಲ ದೋಷ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿರಬಹುದು. ಮುಂದೊಂದು ದಿನ ನ್ಯೂಟ್ರಲ್ ಇನ್ನೆಲ್ಲೋ ಹಸಿ ಗೋಡೆಗೆ ತಾಗಿತೆನ್ನಿ. ಎರಡೂ ದೋಷ ಬ್ರೇಕರ್‌ನಿಂದ ಮುಂದಿನ ತಂತಿಯಲ್ಲೇ ಇದ್ದರೆ, ಹೋದದ್ದೆಲ್ಲ ವಾಪಸ್ ಬಂದು ಶಾನುಭೋಗನ ಲೆಕ್ಕ ಚೊಕ್ಕ ತಾಳೆಯಾಗುತ್ತದೆ, ನಡುವೆ ಸಿಕ್ಕವರ ಮೈ ಹಾದು ಬಂದಿದ್ದರೂ.

ಎಂಸಿಬಿ ನೋಡಿಕೊಳ್ಳುತ್ತದೆ ಎನ್ನುವವರಿಗೂ ಉತ್ತರವಿದೆ. 16 ಆಂಪಿಯರ್‌ನ ‘ಸಿ’ ವರ್ಗದ ಎಂಸಿಬಿ ತಟ್ಟನೆ ಬೀಳಬೇಕಾದರೆ 80ರಿಂದ 160 ಆಂಪಿಯರ್ ಬೇಕು. 3 ಕೆವಿಎ ಇನ್ವರ್ಟರ್ ಕೊಡುವುದು 13. ಉಸಿರು ಬಿಗಿಹಿಡಿದರೆ ಅದರ ದುಪ್ಪಟ್ಟು. ಶಾರ್ಟ್ ಆದರೆ ಎಂಸಿಬಿಗಿಂತ ಮೊದಲು ಇನ್ವರ್ಟರೇ ಕಣ್ಣು ಮುಚ್ಚುತ್ತದೆ. ಇನ್ನು ಪ್ಯಾನೆಲ್ ಕಡೆಯ ಡಿಸಿ ಸಾಲಿಗೆ ಮನೆಯ ಎಸಿ ಎಂಸಿಬಿ ಹಾಕುವುದು ಮಹಾ ಅಪಭ್ರಂಶ. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಆರುತ್ತದೆ, ಡಿಸಿಗೆ ಆ ವಿರಾಮವೇ ಇಲ್ಲ.

ಪರಿಹಾರ: ನ್ಯೂಟ್ರಲ್-ಅರ್ಥಿಂಗ್ ಬೆಸುಗೆ ಒಂದೇ ಕಡೆ, ಇನ್ವರ್ಟರ್ ಮತ್ತು ಆರ್‌ಸಿಸಿಬಿ ನಡುವೆ. ಬ್ರೇಕರ್ ದಾಟಿದ ಮೇಲೆ ಇನ್ನೊಂದು ಬೆಸುಗೆ ಹಾಕಿದರೆ ಮತ್ತೆ ‘ಖಟಕ್’. ಕೆಲವು ಇನ್ವರ್ಟರ್‌ಗಳು ಬ್ಯಾಟರಿ ಮೇಲೆ ನಡೆಯುವಾಗ ಈ ಬೆಸುಗೆಯನ್ನು ರಿಲೇಯಿಂದ ತಾವೇ ಹಾಕಿ, ಗ್ರಿಡ್ ಬಂದೊಡನೆ ಬಿಡಿಸುತ್ತವೆ. ಕೆಲವು ಬೆಸೆದರೆ ಸುಟ್ಟೇ ಹೋಗುತ್ತವೆ. ಕೈಪಿಡಿ ಎಂಬ ತಾಳೆಗರಿಯನ್ನು ಓದದೆ ಕೈ ಹಾಕಬಾರದು.

ಶಾಸನದ ಕೊನೆಗೆ ಶಾಪವಿರಬೇಕು. ಕಲ್ಲನ್ನು ಅಳಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಎಂದು ಹಳಬರು ಹೇಳಿಟ್ಟರು. ಇಲ್ಲಿ ಬ್ರೇಕರ್ ಕಿತ್ತು ಡೈರೆಕ್ಟ್ ಮಾಡಿದವನು ಸಂಜೆಯ ಬಸ್ಸಿಗೆ ಸವದತ್ತಿ ಸೇರುತ್ತಾನೆ. ಶಾಪ ತಟ್ಟುವುದು ಒದ್ದೆ ಕೈಯಲ್ಲಿ ಮೋಟರ್ ಸ್ವಿಚ್ ಒತ್ತಿದವಳಿಗೆ.

ಓದುಗರಿಗೆ ಒಂದು ಮಾತು. ಬ್ರೇಕರ್ ಮೇಲಿನ ‘ಟಿ’ ಗುಂಡಿಯನ್ನು ಆಗಾಗ ಒತ್ತಿ ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಅದು ಫೇಸ್-ನ್ಯೂಟ್ರಲ್ ನಡುವೆ ಒಳಗಿನ ರೆಸಿಸ್ಟರ್ ಮೂಲಕ ಸುಳ್ಳು ವ್ಯತ್ಯಾಸ ಹುಟ್ಟಿಸುವುದರಿಂದ, ಅರ್ಥಿಂಗ್ ಇಲ್ಲದ ಮನೆಯಲ್ಲೂ ಬ್ರೇಕರ್ ಬೀಳುತ್ತದೆ. ಗ್ರಿಡ್ ತೆಗೆದು, ಇನ್ವರ್ಟರ್ ಮೇಲೆ ನಡೆಯುವಾಗ ಫೇಸ್ ಮತ್ತು ಅರ್ಥಿಂಗ್ ನಡುವೆ ಆರ್‌ಸಿಸಿಬಿ ಟೆಸ್ಟರ್ ಹಚ್ಚಿ ನೋಡುವ ವೈರ್‌ಮನ್ ಸಿಕ್ಕರೆ, ಅವರನ್ನು ಚಹಾ ಕೊಡದೆ ಕಳಿಸಬೇಡಿ.