ದಾರಿ ನಿಮ್ಮಿಷ್ಟ, ರಾಕ್ಷಸ ಗ್ಯಾರಂಟಿ

'ಇಲ್ಲಿ ನೀವೇನು ಬೇಕಾದರೂ ಮಾಡಬಹುದು' ಎಂದು ಡಂಜನ್ ಮಾಸ್ಟರ್ ಹೇಳುವಾಗ ಅವನ ನಗುಮುಖಕ್ಕೆ ಮರುಳಾಗಬೇಡಿ. ಅವನ ಮುಂದೆ ನಿಲ್ಲಿಸಿದ ರಟ್ಟಿನ ಮರೆಯಾಚೆ ಒಮ್ಮೆ ಇಣುಕಿ. ಟೈಪ್ ಮಾಡಿದ ಇಡೀ ಕಾದಂಬರಿ ಅಲ್ಲಿರುತ್ತದೆ. ನಿಮ್ಮ ವೀರ ಯಾವ ಛತ್ರದಲ್ಲಿ ತಂಗುತ್ತಾನೆ, ಯಾವ ಮುದುಕ ಅವನ ಕೈಗೆ ಹರಿದ ನಕ್ಷೆ ತುರುಕುತ್ತಾನೆ, ಮೂರನೇ ಶನಿವಾರ ಯಾರು ದ್ರೋಹ ಬಗೆಯುತ್ತಾರೆ, ಅದಕ್ಕೆ ನೀವು ಎಷ್ಟು ಕಣ್ಣೀರು ಹಾಕುತ್ತೀರಿ, ಎಲ್ಲವೂ ಮೊದಲೇ ನಿಕ್ಕಿಯಾಗಿದೆ. ದಾಳ ಉರುಳಿಸುವುದು ಮತ್ತು ಸಮೋಸ ತರಿಸುವುದಷ್ಟೇ ನಿಮಗೆ ಉಳಿದ ಸ್ವಾತಂತ್ರ್ಯ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಇದನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದರು. ಮೇಜಿನ ಸುತ್ತ ಕೂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಉಳಿದ ಜಗತ್ತೆಲ್ಲ, ಅಂದರೆ ರಾಜ, ಕಳ್ಳ, ಕತ್ತೆ, ಮಳೆ, ಒಬ್ಬ ಡಂಜನ್ ಮಾಸ್ಟರನ ಪಾಲಿಗೆ. ಮಾಡಹೊರಟದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಈಗ ಬೆಂಗಳೂರಿನ ಕೆಫೆಗಳಲ್ಲೂ ಇದು ನಡೆಯುತ್ತದೆ. ವಾರವಿಡೀ ಮ್ಯಾನೇಜರ್ ಹೇಳಿದ ದಾರಿಯಲ್ಲಿ ನಡೆದು ಹೈರಾಣಾದ ಐಟಿ ಮಂದಿ, ವಾರಾಂತ್ಯದಲ್ಲಿ ಸ್ವಂತ ದುಡ್ಡು ಕೊಟ್ಟು ಇನ್ನೊಬ್ಬ ಹೇಳಿದ ದಾರಿಯಲ್ಲಿ ನಡೆಯುತ್ತಾರೆ.

ತಮಾಷೆಯೆಂದರೆ, ಈ ಆಟದ ಮೂಲದಲ್ಲಿರುವುದೇ ಒಬ್ಬನ ಕೆಟ್ಟುಹೋದ ಪ್ಲಾನು. 1969ರಲ್ಲಿ ಮಿನ್ನೆಸೋಟದ ಡೇವಿಡ್ ವೆಸ್ಲಿ ತನ್ನ ಯುದ್ಧದಾಟದ ಗೆಳೆಯರನ್ನು ಸೇರಿಸಿದ. ನೆಪೋಲಿಯನ್ ಕಾಲ, ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಊರು, ಊರ ಹೊರಗೆ ಸೇನೆಗಳು. ಯುದ್ಧಕ್ಕೆ ಮುನ್ನ ಸ್ವಲ್ಪ ರಂಗೇರಲಿ ಎಂದು ಒಬ್ಬನನ್ನು ಮೇಯರ್ ಮಾಡಿದ, ಇನ್ನೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ ಮಾಡಿದ. ಮುಗಿಯಿತು ಕಥೆ. ಯುದ್ಧ ಯಾರಿಗೆ ಬೇಕು? ಎಲ್ಲರೂ ಮೂಲೆ ಸೇರಿ ಪಿಸುಗುಟ್ಟಿ ಒಳಸಂಚು ಹೂಡತೊಡಗಿದರು. ಇಬ್ಬರಂತೂ ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ, ವೆಸ್ಲಿ ನಿಂತಲ್ಲೇ ಕಟ್ಟಬೇಕಾಯಿತು. ಪಾಪ, ಎಲ್ಲ ಹಾಳಾಯಿತೆಂದು ಅವನು ತಲೆಮೇಲೆ ಕೈಹೊತ್ತರೆ, ಬಂದವರು 'ಮತ್ತೆ ಯಾವಾಗ ಆಡಿಸ್ತೀಯ?' ಎಂದು ಬೆನ್ನುಬಿದ್ದರು.

ಮುಂದೆ ಅವನೇ ಆಡಿಸಿದ ಇನ್ನೊಂದು ಆಟದಲ್ಲಿ ಆರ್ನೆಸನ್‌ಗೆ ಸಿಕ್ಕಿದ್ದು ಕರಪತ್ರ ಹಂಚುವ ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ. ಪುಣ್ಯಾತ್ಮ ಮನೆಯಿಂದಲೇ ನಕಲಿ ಸಿಐಎ ಗುರುತಿನ ಚೀಟಿ ತಂದಿದ್ದ! ಎಲ್ಲರನ್ನೂ ಯಾಮಾರಿಸಿ, ಕೊನೆಗೆ ಹೆಲಿಕಾಪ್ಟರಿನಿಂದ ಕರಪತ್ರ ಸುರಿಯುತ್ತ, ದೇಶದ ಖಜಾನೆಯ ಸಮೇತ ಹಾರಿಹೋದ. ಅಂಥವನು ಐದು ವರ್ಷ ತುಂಬುವಷ್ಟರಲ್ಲಿ ಕಟ್ಟಿಕೊಟ್ಟ ಆಟ ಇದು. ಅಂದಿನಿಂದ ಇಂದಿನವರೆಗೂ ಡಂಜನ್ ಮಾಸ್ಟರುಗಳು ಆ ಹೆಲಿಕಾಪ್ಟರಿನ ಸೇಡು ತೀರಿಸಿಕೊಳ್ಳುತ್ತಲೇ ಇದ್ದಾರೆ.

ಸೇಡು ಪುಸ್ತಕರೂಪಕ್ಕೆ ಬಂದದ್ದು 1984ರಲ್ಲಿ ಶುರುವಾದ ಡ್ರ್ಯಾಗನ್‌ಲ್ಯಾನ್ಸ್ ಮಾಲೆಯಲ್ಲಿ. ಒಂದು ಕಡೆ ಕಾದಂಬರಿ, ಇನ್ನೊಂದು ಕಡೆ ಅದೇ ಕಥೆಯ ಆಟ. ಕಥೆಗೆ ಮುಂದೆ ಬೇಕಾದ ಪಾತ್ರ ನಡುವೆ ಸತ್ತರೆ? ಅದಕ್ಕೂ ನಿಯಮವಿತ್ತು: ಹೆಣ ಕಣ್ಣಿಗೆ ಬೀಳದ ಹಾಗೆ ಸಾಯಿಸಿ, ಬೇಕಾದಾಗ ಎಬ್ಬಿಸಿ ತನ್ನಿ. ನಮ್ಮ ಟಿವಿ ಧಾರಾವಾಹಿಯವರು ಪ್ರಪಾತಕ್ಕೆ ಬಿದ್ದ ಗಂಡನನ್ನು ಇನ್ನೂರು ಕಂತಿನ ಮೇಲೆ ವಾಪಸ್ ಕರೆತರುವುದೂ ಹೀಗೇ ತಾನೇ.

ಈಗಿನವರು ಇನ್ನೂ ನಯ. ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಆಟಗಾರರು ಅರ್ಧ ಗಂಟೆ ಜಗಳಾಡಿ, ಹೆಜ್ಜೆಗುರುತು ಪರೀಕ್ಷಿಸಿ, ದೇವರಿಗೆ ಹರಕೆ ಹೊತ್ತು ಎಡಕ್ಕೆ ಹೋಗುತ್ತಾರೆ. ಎಡಕ್ಕೆ ರಾಕ್ಷಸ. ಬಲಕ್ಕೆ ಹೋಗಿದ್ದರೆ? ಅದೇ ರಾಕ್ಷಸ. ಇದಕ್ಕೆ ಬಲ್ಲವರ ವಲಯದಲ್ಲಿ 'ಕ್ವಾಂಟಮ್ ಓಗರ್' (ಓಗರ್ ಎಂದರೆ ರಾಕ್ಷಸ) ಎಂಬ ಭೌತಶಾಸ್ತ್ರದ ಗತ್ತಿನ ಹೆಸರೂ ಇದೆ.

ಕಥೆ ಮೊದಲೇ ನಿಕ್ಕಿಯಾಗಿದ್ದರೆ ತಪ್ಪೇನಿಲ್ಲ. ತಾಳಮದ್ದಳೆಯಲ್ಲಿ ವಾಲಿ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರು? ಆದರೂ ವಾಲಿಯ ಅರ್ಥಧಾರಿ ಗಟ್ಟಿಗನಾದರೆ ರಾಮನಿಗೆ ಬೆವರಿಳಿಯುತ್ತದೆ. ಜನ ಬೆಳಗಿನ ತನಕ ಕೂರುವುದು ಅದಕ್ಕೇ. ಅಲ್ಲಿ 'ವಾಲಿ ಉಳಿದರೂ ಉಳಿಯಬಹುದು, ಎಲ್ಲ ನಿಮ್ಮ ಕೈಯಲ್ಲಿದೆ' ಎಂದು ಯಾವ ಭಾಗವತರೂ ಸುಳ್ಳು ಹೇಳುವುದಿಲ್ಲ. ನನ್ನ ತಕರಾರು ಕಥೆಯ ಮೇಲಲ್ಲ, ಈ ಸುಳ್ಳಿನ ಮೇಲೆ.

ಹಾಗಂತ ಆಟಗಾರರೇನು ಸತ್ಯಹರಿಶ್ಚಂದ್ರರಲ್ಲ. ಡಂಜನ್ ಮಾಸ್ಟರ್ ಡ್ರ್ಯಾಗನ್ ಕೋಟೆಯನ್ನು ಗೋಪುರ ಗೋಪುರವಾಗಿ ವರ್ಣಿಸುತ್ತಾನೆ, ಮಾತಿನ ಓಘದಲ್ಲಿ ಛತ್ರದ ಬಾಗಿಲಲ್ಲಿ ಒಂದು ಮೇಕೆ ಕಟ್ಟಿದೆ ಎಂದುಬಿಡುತ್ತಾನೆ.

'ಮೇಕೆ ಹೆಸರೇನು?'

'ಹೆಸರಾ? ಅದು... ಗೌರಿ.'

ಅಲ್ಲಿಗೆ ಡ್ರ್ಯಾಗನ್ ಅನಾಥ. ಗೌರಿಯನ್ನು ಕಟುಕನಿಂದ ಬಿಡಿಸಿ, ಗೌರಿಗೆ ಕವಚ ಹೊಲಿಸಿ, ಗೌರಿಯನ್ನು ಪಟ್ಟಣ ಪಂಚಾಯಿತಿ ಚುನಾವಣೆಗೆ ನಿಲ್ಲಿಸುವಷ್ಟರಲ್ಲಿ ಕೆಫೆಯವರು ಕುರ್ಚಿ ಎತ್ತಿಡುತ್ತಿರುತ್ತಾರೆ. ಇನ್ನೊಬ್ಬ ಆಟಗಾರ ಜೊತೆಗಾರರ ಜೇಬಿಗೇ ಕತ್ತರಿ ಹಾಕಿ, 'ನಾನೇನ್ ಮಾಡ್ಲಿ, ನನ್ನ ಕ್ಯಾರೆಕ್ಟರೇ ಹಾಗೆ' ಎನ್ನುತ್ತಾನೆ. ಕ್ಯಾರೆಕ್ಟರ್ ಯಾರದ್ದೆಂಬ ಅನುಮಾನ ಮೇಜಿನ ಸುತ್ತ ಎಲ್ಲರಿಗೂ ಇದೆ.

ಸರಿಯಪ್ಪಾ, ಕಥೆಯೇ ಬೇಡ ಎಂದು ಡಂಜನ್ ಮಾಸ್ಟರ್ ದೊಡ್ಡ ನಕ್ಷೆ ಹಾಸಿ 'ಎಲ್ಲಿಗೆ ಹೋಗ್ತೀರಾ?' ಎಂದು ಕೇಳಲಿ ನೋಡೋಣ. ಸ್ವಾತಂತ್ರ್ಯ ಹೋರಾಟಗಾರರೆಲ್ಲ ಒಮ್ಮೆಲೇ ಮೌನ. ಒಬ್ಬ ಮೊಬೈಲ್ ನೋಡುತ್ತಾನೆ, ಒಬ್ಬಳು ಪೆನ್ಸಿಲ್ ಚೂಪು ಮಾಡುತ್ತಾಳೆ. ಕೊನೆಗೆ ಮೂಲೆಯಿಂದ ಸಣ್ಣ ದನಿ: 'ನೀನೇ ಹೇಳ್ಬಿಡು ಗುರು.'

ಇದಕ್ಕೆ ಮದ್ದು ಇಲ್ಲದಿಲ್ಲ. 2010ರ 'ಅಪೋಕ್ಯಾಲಿಪ್ಸ್ ವರ್ಲ್ಡ್' ಎಂಬ ಆಟದಲ್ಲಿ ವಿನ್ಸೆಂಟ್ ಬೇಕರ್ ಕಥೆಯನ್ನು ಮೊದಲೇ ಹೆಣೆಯಕೂಡದೆಂದು ಖಡಾಖಂಡಿತ ಬರೆದ. ಬದಲಿಗೆ ಅಪಾಯಗಳನ್ನು ಸಿದ್ಧಮಾಡಿಕೊಳ್ಳಿ, ಯಾರೂ ತಡೆಯದಿದ್ದರೆ ಅವು ಎಲ್ಲಿಗೆ ಮುಟ್ಟುತ್ತವೆಂದು ಗುರುತಿಸಿಟ್ಟುಕೊಳ್ಳಿ, ಅಷ್ಟು ಸಾಕು ಎಂದ. ಡ್ರ್ಯಾಗನ್ ಹುಣ್ಣಿಮೆಗೆ ಊರು ಸುಡಲಿದೆ. ತಡೆಯುತ್ತೀರೋ, ಮೇಕೆ ಮೇಯಿಸುತ್ತೀರೋ, ನಿಮಗೆ ಬಿಟ್ಟದ್ದು. ಮೇಯಿಸಿದರೆ ಊರು ಸುಡುತ್ತದೆ, ಗೌರಿಯ ವಾರ್ಡೂ ಸೇರಿ. ಸುಡಬೇಕು ಕೂಡ. ಆದರೆ ಎಷ್ಟು ಜನಕ್ಕೆ ಇದು ರುಚಿಸೀತು? ಒಬ್ಬನಿಗೆ ತನ್ನ ಕಾದಂಬರಿ ಹೋಯಿತೆಂಬ ಸಂಕಟ, ಉಳಿದವರಿಗೆ ತಮ್ಮ ತಪ್ಪಿಗೆ ತಾವೇ ಹೊಣೆಯಾಗಬೇಕೆಂಬ ಸಂಕಟ.

ಆದ್ದರಿಂದ ಡಂಜನ್ ಮಾಸ್ಟರ್ ಮಹಾಶಯರಲ್ಲಿ ಒಂದೇ ಅರಿಕೆ. ರಾಕ್ಷಸನನ್ನು ದಯವಿಟ್ಟು ಒಂದೇ ದಾರಿಯಲ್ಲಿ ನಿಲ್ಲಿಸಿ. ನಾವು ಇನ್ನೊಂದರಲ್ಲಿ ಹೋದರೆ, ತಪ್ಪಿಸಿಕೊಂಡೆವೆಂದು ಒಪ್ಪಿಕೊಳ್ಳಿ.